ತಾಷ್ಕೆಂಟಿನಲ್ಲಿ ನಾಲ್ಕು ರಾತ್ರಿ ಯಾಕೆ? ಬೆಂಗಳೂರಿನಲ್ಲಿ ಮಾರುವ ಉಜ್ಬೇಕಿಸ್ತಾನ ಜೋಡಿ ಪ್ಯಾಕೇಜಿನ ವಿಮರ್ಶೆ

ಬೆಂಗಳೂರಿನ ಟ್ರಾವೆಲ್ ಏಜೆನ್ಸಿಗಳ ಮೇಜಿನ ಮೇಲೆ ಬಾಲಿ, ವಿಯೆಟ್ನಾಂ ಕರಪತ್ರಗಳ ಪಕ್ಕದಲ್ಲಿ ಈಗ ಇನ್ನೊಂದು ಕಾಣಿಸುತ್ತದೆ: ಉಜ್ಬೇಕಿಸ್ತಾನ, ಗಂಡ-ಹೆಂಡತಿಗೆ 5 ರಾತ್ರಿ 6 ಹಗಲು. ಮುಖಪುಟದಲ್ಲಿ ಸಮರ್ಕಂದದ ರೆಗಿಸ್ತಾನ್ ಚೌಕ, ನೀಲಿ ಗುಮ್ಮಟ. ಒಳಗೆ ತೆರೆದು ರಾತ್ರಿಗಳನ್ನು ಎಣಿಸಿದರೆ ನಾಲ್ಕು ರಾಜಧಾನಿ ತಾಷ್ಕೆಂಟಿನಲ್ಲಿ, ಒಂದು ಸಮರ್ಕಂದದಲ್ಲಿ. ಕೆಲವದರಲ್ಲಿ ಆ ಒಂದೂ ಇಲ್ಲ; ಬೆಳಿಗ್ಗೆ ರೈಲು ಹತ್ತಿಸಿ ಸಂಜೆ ವಾಪಸ್ ಕರೆತರುತ್ತಾರೆ. ಬುಖಾರಾ, ಖೀವಾ ಎಂಬ ಹಳೆಯ ಊರುಗಳು ಲೆಕ್ಕಕ್ಕೇ ಇಲ್ಲ. ಆ ಜಾಗಕ್ಕೆ ಚಿಮ್ಗಾನ್ ಬೆಟ್ಟದ ಕೇಬಲ್ ಕುರ್ಚಿ, ಚಾರ್ವಾಕ್ ಜಲಾಶಯದ ದಂಡೆ, ಒಂದು ಕ್ಯಾಂಡಲ್ ಲೈಟ್ ಡಿನ್ನರ್ ಸೇರಿಸಿರುತ್ತಾರೆ.

ಹಳೆಯ ಊರುಗಳನ್ನು ನೋಡಲೆಂದೇ ಹೊರಡುವ ಜೋಡಿಗೆ ಈ ರೂಪದ ಪ್ಯಾಕೇಜು 5ಕ್ಕೆ 2 ಅಂಕಕ್ಕಿಂತ ಹೆಚ್ಚು ಗಿಟ್ಟಿಸುವುದಿಲ್ಲ. ಅದೇ ಏಜೆನ್ಸಿಯಲ್ಲಿ ಕೂತು, ಅದನ್ನೇ ಬಿಚ್ಚಿ ನಮ್ಮ ಅಳತೆಗೆ ಹೊಲಿಸಿಕೊಂಡರೆ 4 ಕೊಡಬಹುದು. ಹೊಲಿಗೆ ಎಲ್ಲಿ ಬಿಚ್ಚಬೇಕು ಅನ್ನುವುದನ್ನೇ ಇಲ್ಲಿ ಬರೆದಿರುವುದು.

ಮೊದಲು ತಾಷ್ಕೆಂಟಿನ ಬಗ್ಗೆ ನ್ಯಾಯವಾಗಿ ಮಾತಾಡೋಣ. ಊರು ಚೆನ್ನಾಗಿದೆ, ಅಗಲ ರಸ್ತೆ, ಸಾಲು ಮರ. ಆದರೆ 1966ರ ಏಪ್ರಿಲ್ 26ರ ಭೂಕಂಪದಲ್ಲಿ ಹಳೆಯ ಭಾಗ ಬಹುಮಟ್ಟಿಗೆ ನೆಲಕಚ್ಚಿ, ಮೇಲೆದ್ದದ್ದು ಸೋವಿಯತ್ ನಗರ. ಚೋರ್ಸು ಬಜಾರು, ಹಜ್ರತಿ ಇಮಾಮ್ ಸಂಕೀರ್ಣ, 1977ರಲ್ಲಿ ಶುರುವಾದ ಮೆಟ್ರೋದ ನಾಲ್ಕಾರು ನಿಲ್ದಾಣ (ಕೋಸ್ಮೊನಾವ್ಟ್ಲಾರ್ ತಪ್ಪಿಸಬೇಡಿ, 2018ರ ತನಕ ಒಳಗೆ ಫೋಟೊ ತೆಗೆಯುವಂತೆಯೇ ಇರಲಿಲ್ಲ), ಲಾಲ್ ಬಹಾದುರ್ ಶಾಸ್ತ್ರಿಯವರ ಪ್ರತಿಮೆ. ಶಾಸ್ತ್ರಿಯವರು ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನ, 1966ರ ಜನವರಿ 11ರಂದು, ಈ ಊರಿನಲ್ಲೇ ತೀರಿಕೊಂಡರು. ಇಷ್ಟಕ್ಕೆ ಒಂದು ಪೂರ್ತಿ ದಿನ ಸಾಕು. ಮತ್ತೆ ನಾಲ್ಕು ರಾತ್ರಿ ಯಾಕೆ? ಒಂದೇ ಹೋಟೆಲಿನಲ್ಲಿ ಒಟ್ಟಿಗೆ ಕೋಣೆ ಹಿಡಿದರೆ ಮಾರುವವರಿಗೆ ಸಲೀಸು, ಲಗೇಜು ಸಾಗಿಸುವ ತಲೆನೋವೂ ಇಲ್ಲ. ನೋಡುವವರಿಗೆ ಅದರಿಂದ ಲಾಭವಿಲ್ಲ.

ಒಂದೇ ದಿನದಲ್ಲಿ ಸಮರ್ಕಂದ ಮುಗಿಸುವ ಲೆಕ್ಕ ನೋಡಿ. ಅಫ್ರೋಸಿಯೋಬ್ ಅನ್ನುವ ವೇಗದ ರೈಲು ತಾಷ್ಕೆಂಟಿನಿಂದ ಎರಡು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಬೆಳಗಿನ ಗಾಡಿಯಲ್ಲಿ ಹೋಗಿ ಸಂಜೆಯ ಗಾಡಿ ಹಿಡಿಯಬೇಕಾದರೆ ಕೈಗೆ ಸಿಗುವುದು ಏಳು ಗಂಟೆ. ರೆಗಿಸ್ತಾನಿಗೆ ಎರಡೂವರೆ, ಶಾಹಿ ಜಿಂದಾ ಗೋರಿಗಳ ಸಾಲಿಗೆ ಒಂದೂವರೆ, ತೈಮೂರನ ಗೋರಿ ಇರುವ ಗೂರ್-ಎ-ಅಮೀರ್, ಬೀಬಿ ಖಾನಿಮ್ ಮಸೀದಿ, ತೈಮೂರನ ಮೊಮ್ಮಗ ಉಲುಗ್ ಬೇಗನ ವೀಕ್ಷಣಾಲಯ ಇವಕ್ಕೆ ಮುಕ್ಕಾಲು ಮುಕ್ಕಾಲು ಗಂಟೆ. ಆರು ಗಂಟೆ ಕಾಲು ಇಲ್ಲೇ ಆಯಿತು. ಊಟ, ಟ್ಯಾಕ್ಸಿ, ನಿಲ್ದಾಣದ ತಪಾಸಣೆ ಯಾವುದೂ ಇದರಲ್ಲಿ ಸೇರಿಲ್ಲ. ಹಾಗಾಗಿ ಗೈಡು ಓಡಿಸುತ್ತಾನೆ, ಮೊದಲು ಕತ್ತರಿ ಬೀಳುವುದು ವೀಕ್ಷಣಾಲಯಕ್ಕೆ.

ಇನ್ನೊಂದು ನಷ್ಟ ಬೆಳಕಿನದು. ರೆಗಿಸ್ತಾನದ ಮೂರು ಮದರಸಾಗಳು ಮೂರು ದಿಕ್ಕಿಗಿವೆ. ಪಶ್ಚಿಮದಲ್ಲಿ ಉಲುಗ್ ಬೇಗ್ (1417–1420), ಪೂರ್ವದಲ್ಲಿ ಶೇರ್-ದೋರ್ (1619–1636), ಉತ್ತರದಲ್ಲಿ ತಿಲ್ಯಾ-ಕೋರಿ (1646–1660). ಉಲುಗ್ ಬೇಗಿನ ಮುಖಕ್ಕೆ ಬಿಸಿಲು ಬೀಳುವುದು ಬೆಳಿಗ್ಗೆ. ಶೇರ್-ದೋರಿನ ಹುಲಿ-ಸಿಂಹ ಮತ್ತು ಅದರ ಬೆನ್ನಿನ ಮೇಲಿನ ಸೂರ್ಯನ ಮುಖ ಹೊಳೆಯುವುದು ಮಧ್ಯಾಹ್ನ ಮೂರರ ಮೇಲೆ. ಕತ್ತಲಾದ ಮೇಲೆ ದೀಪ ಹಾಕುತ್ತಾರೆ, ಎದುರಿನ ಮೆಟ್ಟಿಲ ಜಗಲಿಯ ಮೇಲೆ ಊರಿನವರೆಲ್ಲ ಬಂದು ಕೂರುತ್ತಾರೆ, ಅಲ್ಲಿಂದ ನೋಡಲು ಟಿಕೆಟ್ಟೂ ಬೇಡ. ಜೋಡಿಯಾಗಿ ಹೋದವರಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಒಂದು ಗಂಟೆ ಸಿಗುವುದು ಕಷ್ಟ. ಸಂಜೆ ಗಾಡಿ ಹಿಡಿಯುವ ಪ್ಯಾಕೇಜಿಗೆ ಇದು ದಕ್ಕುವುದಿಲ್ಲ.

ತಿಲ್ಯಾ-ಕೋರಿಯ ಮಸೀದಿಯೊಳಗೆ ಒಂದು ತಮಾಷೆ ಇದೆ. ನಡುವೆ ನಿಂತು ಕತ್ತೆತ್ತಿದರೆ ಚಿನ್ನದ ಬಳ್ಳಿಗಳು ಸುತ್ತಿ ಸುತ್ತಿ ಮೇಲಕ್ಕೆ ಹೋಗಿ ಆಳವಾದ ಗುಮ್ಮಟದಂತೆ ಕಾಣುತ್ತದೆ. ನಿಜದಲ್ಲಿ ಅದು ಚಪ್ಪಟೆ ಛಾವಣಿ. ನಡುವಿಗೆ ಹೋದಂತೆ ಚಿತ್ತಾರ ಚಿಕ್ಕದಾಗುವುದರಿಂದ ಕಣ್ಣು ಮೋಸ ಹೋಗುತ್ತದೆ. ಗೋಡೆಯ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಹತ್ತು ನಿಮಿಷದಲ್ಲಿ ಹೊರಡಿಸುವ ಗೈಡುಗಳು ಇದನ್ನು ಹೇಳದೆಯೇ ದಾಟಿಸುವುದುಂಟು.

ಹೊರಡುವ ಮುಂಚೆ ಸಾಧ್ಯವಾದರೆ ಬೀದರ್‌ಗೆ ಹೋಗಿಬನ್ನಿ. 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನನ ಮದರಸಾ ಕಟ್ಟಡ ಶೈಲಿಯಲ್ಲಿ ಇದೇ ಮನೆತನದ್ದು: ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆ, ಮೂಲೆಗೆ ಮಿನಾರು, ಮೈಮೇಲೆ ಬಣ್ಣದ ಹೆಂಚು. ಮದ್ದಿನ ಸ್ಫೋಟದಲ್ಲಿ ಅರ್ಧ ಹೋಗಿ, ಉಳಿದ ಅರ್ಧದಲ್ಲೂ ಹೆಂಚು ಅಲ್ಲಲ್ಲಿ ಮಾತ್ರ ಉಳಿದಿದೆ. ಅದನ್ನು ನೋಡಿದವರಿಗೆ ಉಲುಗ್ ಬೇಗ್ ಮದರಸಾ ಬೀದರಿನ ಕಟ್ಟಡದ ಮೈಗೆ ಮತ್ತೆ ಬಣ್ಣ ಬಂದಂತೆ ಕಾಣುತ್ತದೆ. ಅಂದಹಾಗೆ ಸಮರ್ಕಂದದಲ್ಲಿ ಇಂದು ಕಾಣುವ ಹೊಳಪಿನಲ್ಲಿ ಹೆಚ್ಚಿನದು ಕಳೆದ ಶತಮಾನದ ಜೀರ್ಣೋದ್ಧಾರ. ಬೀಬಿ ಖಾನಿಮ್ ಮಸೀದಿಯಂತೂ ಕುಸಿದು ಬಿದ್ದಿದ್ದನ್ನು ಮತ್ತೆ ಎಬ್ಬಿಸಿದ್ದು. ಹಳೆಯದನ್ನು ಹಳೆಯದಾಗಿಯೇ ನೋಡಬೇಕೆನ್ನುವವರು ಬುಖಾರಾಕ್ಕೆ ಹೋಗಬೇಕು.

ರಾತ್ರಿಗಳನ್ನು ಹೀಗೆ ಹಂಚಿ

ರಜೆ ಏಳು ರಾತ್ರಿಯಷ್ಟಿದ್ದರೆ: ಮೊದಲ ರಾತ್ರಿ ತಾಷ್ಕೆಂಟ್, ಮರುದಿನ ಬೆಳಿಗ್ಗೆಯೇ ದೇಶದೊಳಗಿನ ವಿಮಾನದಲ್ಲಿ ಉರ್ಗೆಂಚ್, ಅಲ್ಲಿಂದ ಸುಮಾರು 35 ಕಿ.ಮೀ. ಟ್ಯಾಕ್ಸಿಯಲ್ಲಿ ಖೀವಾ, ಅಲ್ಲಿ ಒಂದು ರಾತ್ರಿ. ಆಮೇಲೆ ಬುಖಾರಾ ಎರಡು, ಸಮರ್ಕಂದ ಎರಡು, ಕೊನೆಗೆ ತಾಷ್ಕೆಂಟ್ ಒಂದು. ಮೊದಲು ದೂರದ ತುದಿಗೆ ಹೋಗಿ ಮೆಲ್ಲಗೆ ಹಿಂದಕ್ಕೆ ಬರುವುದಕ್ಕೆ ಕಾರಣವಿದೆ. ಒಳನಾಡಿನ ವಿಮಾನ ತಡವಾದರೂ ಮೊದಲ ದಿನವೇ ತಡವಾಗುತ್ತದೆ, ದೆಹಲಿಗೆ ಮರಳುವ ವಿಮಾನಕ್ಕೆ ಪೆಟ್ಟು ಬೀಳುವುದಿಲ್ಲ. ಐದೇ ರಾತ್ರಿ ಇದ್ದರೆ ಖೀವಾ ಬಿಡಿ: ಬುಖಾರಾ ಎರಡು, ಸಮರ್ಕಂದ ಎರಡು, ತಾಷ್ಕೆಂಟ್ ಒಂದು. ಖೀವಾ ಬಿಡುವುದು ಬೇಸರದ ಮಾತೇ. ಆದರೆ ಖೀವಾದಿಂದ ಬುಖಾರಾಕ್ಕೆ ಕಿಜಿಲ್‌ಕುಮ್ ಮರುಭೂಮಿಯಲ್ಲಿ ಸುಮಾರು 450 ಕಿ.ಮೀ. ರಸ್ತೆ, ಆರೇಳು ಗಂಟೆ. ಸಣ್ಣ ಪ್ರವಾಸದಲ್ಲಿ ಅದು ಒಂದು ಇಡೀ ಹಗಲನ್ನು ನುಂಗುತ್ತದೆ. ದಾರಿಯಲ್ಲಿ ಶೌಚಾಲಯ ಅಪರೂಪ. ಸಿಕ್ಕಲ್ಲಿ ಇಳಿಯಿರಿ, ಮುಂದಿನದು ಚೆನ್ನಾಗಿರುತ್ತದೆ ಎಂದು ಕಾಯಬೇಡಿ.

ಬುಖಾರಾದಲ್ಲಿ ಹೋಟೆಲ್ ಎಲ್ಲಿ ಅನ್ನುವುದೇ ಮುಖ್ಯ. 1620ರ ಲ್ಯಾಬಿ ಹೌಜ್ ಕೊಳದಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರಲಿ. ಹಳೆಯ ವ್ಯಾಪಾರಿಗಳ ಮನೆಗಳನ್ನೇ ಹೋಟೆಲ್ ಮಾಡಿದ್ದಾರೆ. ಅಂಗಳ, ಕೆತ್ತಿದ ಕಂಬ, ಮೊದಲ ಮಹಡಿಗೆ ಕಡಿದಾದ ಮೆಟ್ಟಿಲು. ಲಿಫ್ಟ್ ಇರುವುದಿಲ್ಲ, ಮಂಡಿನೋವಿದ್ದರೆ ನೆಲಮಹಡಿಯ ಕೋಣೆ ಅಂತ ವೋಚರಿನಲ್ಲೇ ಬರೆಸಿ. ಪ್ಯಾಕೇಜಿನವರು ‘ಅಥವಾ ಅದಕ್ಕೆ ಸಮನಾದ ಹೋಟೆಲ್’ ಎಂದು ಬರೆದು ಹೊಸ ಊರಿನ ಕಡೆ ಹಾಕಿದರೆ ಬುಖಾರಾದ ಅರ್ಧ ಸುಖ ಹೋಯಿತು. ಇಲ್ಲಿ ನೋಡುವುದೆಲ್ಲ ಕಾಲ್ನಡಿಗೆಯದ್ದು: 1127ರ ಕಲಾನ್ ಮಿನಾರು, ಸುಮಾರು 46 ಮೀಟರ್ ಎತ್ತರ, ಅದರ ಬುಡದ ಮಸೀದಿ, ಆರ್ಕ್ ಕೋಟೆ, ಎದುರಿಗೆ ಬೋಲೋ ಹೌಜ್ ಮಸೀದಿಯ ಮರದ ಕಂಬಗಳು.

ಬುಖಾರಾದ ಹಳೆಯ ದೊರೆ ಇಸ್ಮಾಯಿಲ್ ಸಾಮಾನಿಯ ಗೋರಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ಹತ್ತನೇ ಶತಮಾನದ ಪುಟ್ಟ ಚೌಕ ಕಟ್ಟಡ. ಮೈಮೇಲೆ ಒಂದು ಹನಿ ಬಣ್ಣವಿಲ್ಲ, ಇರುವುದು ಸುಟ್ಟ ಇಟ್ಟಿಗೆ ಅಷ್ಟೇ. ಅದನ್ನೇ ಅಡ್ಡ, ಉದ್ದ, ಓರೆ ಇಟ್ಟು ಬುಟ್ಟಿ ಹೆಣೆದಂತೆ ಹೆಣೆದಿದ್ದಾರೆ. ಬಿಸಿಲು ಸರಿದಂತೆ ನೆರಳು ಸರಿದು, ಬೆಳಿಗ್ಗೆ ಚಾಪೆಯಂತೆ ಕಂಡ ಗೋಡೆ ಸಂಜೆ ಜಾಲರಿಯಂತೆ ಕಾಣುತ್ತದೆ.

ಖೀವಾದ ಒಳಕೋಟೆ ಇಚಾನ್ ಕಾಲಾ 1990ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು. ಪಶ್ಚಿಮದ ಬಾಗಿಲಲ್ಲಿ ಒಟ್ಟು ಟಿಕೆಟ್ ಕೊಡುತ್ತಾರೆ, ಆದರೆ ಇಸ್ಲಾಂ ಖೋಜಾ ಮಿನಾರು ಹತ್ತಲು ಬೇರೆ ದುಡ್ಡು. ಒಳಗಿನ ಸುರುಳಿ ಮೆಟ್ಟಿಲು ಇಕ್ಕಟ್ಟು, ಕತ್ತಲು, ಹತ್ತುವವರೂ ಇಳಿಯುವವರೂ ಅದರಲ್ಲೇ. ಬೆನ್ನುಚೀಲ ಕೆಳಗೇ ಬಿಡಿ. ಜುಮ್ಮಾ ಮಸೀದಿಯಲ್ಲಿ ಇನ್ನೂರಕ್ಕೂ ಹೆಚ್ಚು ಕೆತ್ತಿದ ಮರದ ಕಂಬಗಳಿವೆ. ಸಂಜೆ ಐದರ ಮೇಲೆ ದಿನದ ಗುಂಪು ಖಾಲಿಯಾಗಿ ಕೋಟೆ ನಿಮ್ಮಿಬ್ಬರದಾಗುತ್ತದೆ, ಹಾಗಾಗಿ ಕೋಣೆ ಗೋಡೆಯೊಳಗೇ ಇರಲಿ.

ಪ್ಯಾಕೇಜು ಕೈಕೊಡುವುದು ಎಲ್ಲಿ

ಮೊದಲನೆಯದು ರೈಲು. ಅಫ್ರೋಸಿಯೋಬ್‌ನಲ್ಲಿ ಸೀಟು ಕಡಿಮೆ, ಸೀಸನ್ನಿನಲ್ಲಿ, ಅಂದರೆ ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಬೇಗ ತುಂಬಿಹೋಗುತ್ತದೆ. ಕರಪತ್ರದ ಕೆಳಗಡೆ ಸಣ್ಣಕ್ಷರದಲ್ಲಿ ‘ಲಭ್ಯತೆಗೆ ಒಳಪಟ್ಟು’ ಅಂತ ಇರುತ್ತದೆ. ಸೀಟು ಸಿಗದಿದ್ದರೆ ಬಸ್ಸಿನಲ್ಲೋ ಕಾರಿನಲ್ಲೋ ಸುಮಾರು 300 ಕಿ.ಮೀ., ನಾಲ್ಕೈದು ಗಂಟೆ. ಎರಡು ಗಂಟೆಯ ಕೆಲಸ ದುಪ್ಪಟ್ಟಾಯಿತು, ಹಣ ವಾಪಸ್ ಕೇಳಿದರೆ ನಿಯಮ ತೋರಿಸುತ್ತಾರೆ. ಆದ್ದರಿಂದ ಮುಂಗಡ ಕೊಡುವಾಗಲೇ ಹೇಳಿ: ರೈಲು ಟಿಕೆಟ್ ಹೆಸರು, ಪಾಸ್‌ಪೋರ್ಟ್ ನಂಬರ್ ಸಮೇತ ಕೈಗೆ ಬಂದ ಮೇಲೆ ಬಾಕಿ ಹಣ, ರೈಲು ಸಿಗದಿದ್ದರೆ ಇಷ್ಟು ಕಡಿತ. ವಾಟ್ಸಾಪಿನಲ್ಲಿ ಅಲ್ಲ, ಬಿಲ್ಲಿನ ಮೇಲೆ. ಅಫ್ರೋಸಿಯೋಬ್ ಇಲ್ಲದಿದ್ದರೆ ಶರ್ಕ್ ಅನ್ನುವ ನಿಧಾನದ ರೈಲನ್ನು ಕೇಳಿ. ಬಸ್ಸಿಗಿಂತ ಎಷ್ಟೋ ವಾಸಿ.

ತಾಷ್ಕೆಂಟಿನಲ್ಲಿ ಉತ್ತರ, ದಕ್ಷಿಣ ಎಂದು ಎರಡು ದೊಡ್ಡ ನಿಲ್ದಾಣಗಳಿವೆ, ಟಿಕೆಟ್ಟಿನಲ್ಲಿ ಯಾವುದು ಅಂತ ನೋಡಿಯೇ ಟ್ಯಾಕ್ಸಿ ಹೇಳಿ. ಬುಖಾರಾದ ನಿಲ್ದಾಣ ಇರುವುದು ಬುಖಾರಾದಲ್ಲಲ್ಲ, ಹನ್ನೆರಡು ಕಿ.ಮೀ. ಆಚೆಯ ಕಾಗಾನಿನಲ್ಲಿ. ನಿಲ್ದಾಣದ ಬಾಗಿಲಲ್ಲೇ ಪಾಸ್‌ಪೋರ್ಟ್ ನೋಡಿ ಬ್ಯಾಗು ಸ್ಕ್ಯಾನ್ ಮಾಡುತ್ತಾರೆ, ನಲವತ್ತು ನಿಮಿಷ ಮುಂಚೆ ಅಲ್ಲಿರಿ.

ಎರಡನೆಯದು ನಮ್ಮ ಕಡೆಯವರಿಗೇ ಮೀಸಲಾದ ತೊಡಕು: ಹೆಸರು. ಕರ್ನಾಟಕದ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ, ಗಂಡನದು ಇನಿಷಿಯಲ್ ಬಿಡಿಸಿ ಬರೆದದ್ದು, ಹೆಂಡತಿಯದು ಅಪ್ಪನ ಹೆಸರಿನೊಂದಿಗೆ. ಏಜೆನ್ಸಿಯ ಹುಡುಗ ವಿಮಾನದ ಟಿಕೆಟ್ಟಿಗೆ ಒಂದು ರೀತಿ, ಇ-ವೀಸಾಕ್ಕೆ ಇನ್ನೊಂದು ರೀತಿ, ರೈಲಿಗೆ ಮತ್ತೊಂದು ರೀತಿ ತುಂಬಿದರೆ ಚೆಕ್-ಇನ್ ಕೌಂಟರಿನಲ್ಲಿ ಬೆವರಿಳಿಯುತ್ತದೆ. ಪಾಸ್‌ಪೋರ್ಟಿನ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲನ್ನು ಮುಂದಿಟ್ಟುಕೊಂಡು ಮೂರನ್ನೂ ಅಕ್ಷರಕ್ಕಕ್ಷರ ಹೋಲಿಸಿ. ಇ-ವೀಸಾ ನೀವೇ ಸರ್ಕಾರದ ಪೋರ್ಟಲಿನಲ್ಲಿ ಮಾಡಿಕೊಳ್ಳಬಹುದು: ಒಂದು ಸಲ ಪ್ರವೇಶ, 30 ದಿನ, ತಲಾ 20 ಡಾಲರ್. ಪ್ಯಾಕೇಜಿನಲ್ಲಿ ಅದಕ್ಕೆ ಎಷ್ಟು ಹಿಡಿದಿದ್ದಾರೆ ಎಂದು ಕೇಳಿ ನೋಡಿ, ಮುಖ ಹೇಗಾಗುತ್ತದೆ. ಗಂಡನಿಗೊಂದು, ಹೆಂಡತಿಗೊಂದು ಬೇರೆ ಬೇರೆ ಅರ್ಜಿ. ಎರಡರದ್ದೂ ಮುದ್ರಿತ ಪ್ರತಿ ಜೊತೆಗಿರಲಿ.

ಮೂರನೆಯದು ದೆಹಲಿ. ತಾಷ್ಕೆಂಟಿಗೆ ದೆಹಲಿಯಿಂದ ಮೂರು ಗಂಟೆಯ ಆಸುಪಾಸು, ಸುಲಭ. ಆದರೆ ಬೆಂಗಳೂರು–ದೆಹಲಿ ಬೇರೆ ಪಿಎನ್‌ಆರ್ ಆದರೆ ದೆಹಲಿಯಲ್ಲಿ ಬ್ಯಾಗು ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಬೆಂಗಳೂರಿನ ವಿಮಾನ ಟರ್ಮಿನಲ್ 1ಕ್ಕೆ ಬಂದಿಳಿದರೆ, ವಿದೇಶದ ವಿಮಾನ ಹೊರಡುವ ಟರ್ಮಿನಲ್ 3ಕ್ಕೆ ಹೊರಗಿನ ರಸ್ತೆಯಲ್ಲಿ ಸುತ್ತಿ ಹೋಗಬೇಕು. ನಡುವೆ ಐದು ಗಂಟೆ ಇಟ್ಟುಕೊಳ್ಳಿ. ಡಿಸೆಂಬರ್, ಜನವರಿಯ ಮಂಜಿನ ಕಾಲದಲ್ಲಿ ಹಿಂದಿನ ರಾತ್ರಿಯೇ ದೆಹಲಿ ಸೇರಿ. ತೂಕದ ಲೆಕ್ಕವೂ ಬೇರೆ: ದೇಶದೊಳಗಿನ ಸಾಮಾನ್ಯ ಟಿಕೆಟ್ಟಿಗೆ 15 ಕೆಜಿ, ಆದ್ದರಿಂದ ವಿದೇಶದ ಟಿಕೆಟ್ಟಿನ ಮಿತಿ ನೋಡಿ ತುಂಬಿಕೊಂಡವರು ಕೆಂಪೇಗೌಡ ನಿಲ್ದಾಣದಲ್ಲೇ ಹೆಚ್ಚುವರಿ ತೆರುತ್ತಾರೆ. ಒಂದೇ ಪಿಎನ್‌ಆರ್‌ನಲ್ಲಿ ಎರಡೂ ಹಾರಾಟ ಹಾಕಿಸಿ ಎಂದು ಕೇಳುವುದು ಒಳ್ಳೆಯದು, ಸ್ವಲ್ಪ ದುಬಾರಿಯಾದರೂ.

ನಾಲ್ಕನೆಯದು ಚಿಕ್ಕದು, ಆದರೆ ಜೋಡಿಗಳಿಗೆ ಚಿಕ್ಕದಲ್ಲ. ‘ಟ್ವಿನ್ ಶೇರಿಂಗ್’ ಎಂದು ಬುಕ್ ಮಾಡಿದರೆ ಎರಡು ಒಂಟಿ ಮಂಚದ ಕೋಣೆ ಬರುತ್ತದೆ. ಹನಿಮೂನ್ ಪ್ಯಾಕೇಜು, ಮಂಚದ ಮೇಲೆ ಟವಲಿನ ಹಂಸ, ನಡುವೆ ಒಂದಡಿ ಸಂದು! ಒಂದೇ ದೊಡ್ಡ ಮಂಚ ಎಂದು ಬರೆಸಿ. ಹಾಗೆಯೇ ‘ಎಸ್‌ಐಸಿ’ ಅಂದರೆ ಇತರರ ಜೊತೆ ಬಸ್ಸಿನಲ್ಲಿ ಸೀಟು. ನಿಮ್ಮಿಬ್ಬರಿಗೇ ಕಾರು ಬೇಕಾದರೆ ‘ಪ್ರೈವೇಟ್’ ಎಂದಿರಬೇಕು. ಊರೊಳಗೆ ಓಡಾಡಲು ಇದ್ಯಾವುದೂ ಬೇಕಿಲ್ಲ, ಯಾಂಡೆಕ್ಸ್ ಆ್ಯಪಿನ ಟ್ಯಾಕ್ಸಿ ನಮ್ಮ ಆಟೋಗಿಂತ ಚೌಕಾಸಿ ಕಡಿಮೆ.

ಟಿಸಿಎಸ್, ಅಂದರೆ ಮಾರುವವರೇ ಮೊದಲು ಹಿಡಿದು ಕಟ್ಟುವ ತೆರಿಗೆ, ಬಗ್ಗೆ ಒಂದು ಮಾತು. ವಿದೇಶಿ ಟೂರ್ ಪ್ಯಾಕೇಜಿನ ಮೇಲೆ ಏಜೆನ್ಸಿ ಹಿಡಿಯುವ ಈ ಹಣ ಅವರ ಶುಲ್ಕವಲ್ಲ, ನಿಮ್ಮ ಪ್ಯಾನ್ ಮೇಲೆ ಜಮೆಯಾಗುವ ತೆರಿಗೆ. ಆದಾಯ ತೆರಿಗೆ ಪೋರ್ಟಲಿನ ತೆರಿಗೆ ಜಮಾ ಪಟ್ಟಿಯಲ್ಲಿ ಬಂದಿದೆಯೇ ನೋಡಿ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಿ. ಬಿಲ್ ಯಾರ ಪ್ಯಾನಿಗೆ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ. ಬರೀ ವಿಮಾನ ಟಿಕೆಟ್ ಕೊಂಡರೆ ಅದು ಪ್ಯಾಕೇಜ್ ಎನ್ನಿಸಿಕೊಳ್ಳುವುದಿಲ್ಲ.

ಊಟ, ದುಡ್ಡು

ಸಸ್ಯಾಹಾರಿಗಳಿಗೆ ನೇರವಾಗಿ ಹೇಳಬೇಕು: ಕಷ್ಟವಿದೆ, ಹಸಿವಿಲ್ಲ. ‘ಗೋಶ್ತ್‌ಸಿಜ್’, ಮಾಂಸವಿಲ್ಲದೆ, ಎಂಬ ಪದ ಕಲಿತರೆ ಸಾಲದು. ಪ್ಲೋವ್ ಅನ್ನವನ್ನು ಬೇಯಿಸುವುದೇ ಮಾಂಸದ ಜೊತೆ, ಬಹಳ ಕಡೆ ಕುರಿಯ ಬಾಲದ ಕೊಬ್ಬಿನಲ್ಲಿ. ತುಂಡು ಆರಿಸಿ ತೆಗೆದು ಬಡಿಸಿ ‘ಗೋಶ್ತ್‌ಸಿಜ್’ ಅನ್ನುತ್ತಾರೆ. ತರಕಾರಿ ಸೂಪಿನ ಬುಡವೂ ಎಲುಬಿನ ಸಾರು. ನಂಬಬಹುದಾದದ್ದು: ತಂದೂರಿನ ನಾನ್ ರೊಟ್ಟಿ, ಟೊಮ್ಯಾಟೊ-ಈರುಳ್ಳಿಯ ಅಚ್ಚಿಚುಕ್ ಸಲಾಡ್, ಹಸಿರು ಚಹಾ, ಹಣ್ಣು, ಒಣಹಣ್ಣು, ಹೋಟೆಲಿನ ಬೆಳಗಿನ ತಿಂಡಿ. ಕುಂಬಳಕಾಯಿ ತುಂಬಿದ ಸೋಮ್ಸಾ (ಅಲ್ಲಿನ ಸಮೋಸ) ಸಿಗುತ್ತದೆ, ಅದರಲ್ಲೂ ಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿಯೇ ತಗೊಳ್ಳಿ. ನಮ್ಮವರಿಗೆ ದೊಡ್ಡ ಸಮಾಧಾನ ಕಾತಿಕ್, ಅಪ್ಪಟ ಗಟ್ಟಿ ಮೊಸರು. ಅದನ್ನೇ ಬಟ್ಟೆಯಲ್ಲಿ ಸೋಸಿದರೆ ಸುಜ್ಮಾ. ಬಿಸಿ ನಾನ್, ಸುಜ್ಮಾ, ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ: ಪ್ಯಾಕೇಜಿನವರು ದಿನಾ ಕರೆದೊಯ್ಯುವ ಭಾರತೀಯ ರೆಸ್ಟೋರೆಂಟಿನ ಪನೀರ್ ಬಟರ್ ಮಸಾಲೆಗಿಂತ ರುಚಿ, ಹೋಗಿಬರುವ ಒಂದೂವರೆ ಗಂಟೆಯೂ ಉಳಿತಾಯ. ಇಬ್ಬರಿಗೆ ಏಳು ದಿನಕ್ಕೆ ಕಾಲು ಕೆಜಿ ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ ಆರು ಪೊಟ್ಟಣ ಸಾಕು. ‘ಎಲ್ಲ ದಿನ ಇಂಡಿಯನ್ ಡಿನ್ನರ್’ ಸೇರಿಸಿದ್ದರೆ ತೆಗೆಸಿ ಆ ದುಡ್ಡನ್ನು ಕಳೆಯಿಸಿ.

ಅಲ್ಲಿನ ಹಣವಾದ ಸೋಮ್ ನೋಟು ಬೆಂಗಳೂರಿನ ಫಾರೆಕ್ಸ್‌ನಲ್ಲಿ ಹುಡುಕಬೇಡಿ, ಡಾಲರ್ ಒಯ್ಯಿರಿ. ಮಡಚದ, ಗೀಚದ ಹೊಸ ನೋಟೇ ಬೇಕು. ಮೂಲೆ ಹರಿದಿದ್ದರೆ ವಾಪಸ್ ತಳ್ಳುತ್ತಾರೆ. ಅಲ್ಲಿ ಸಾವಿರ ಸೋಮ್ ಅಂದರೆ ಏಳು ರೂಪಾಯಿ ಚಿಲ್ಲರೆ. ಬೆಲೆಯ ಕೊನೆಯ ಮೂರು ಸೊನ್ನೆ ಮುಚ್ಚಿ ಏಳರಿಂದ ಗುಣಿಸಿದರೆ ಲೆಕ್ಕ ಸಿಕ್ಕಿತು. ಹೋಟೆಲಿನವರು ಕೊಡುವ ನೋಂದಣಿ ಚೀಟಿಗಳನ್ನು ದೇಶ ಬಿಡುವ ತನಕ ಪಾಸ್‌ಪೋರ್ಟಿನಲ್ಲೇ ಇಟ್ಟಿರಿ. ಡ್ರೋನ್ ಬೇಡವೇ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಾಮಡಾಲ್ ಕೂಡ ಬೇಡ, ನಿದ್ರೆಮಾತ್ರೆಗೆ ವೈದ್ಯರ ಚೀಟಿ ಬೇಕು. ಶಾಹಿ ಜಿಂದಾ ಈಗಲೂ ಜನ ಹರಕೆ ಹೊತ್ತು ಬರುವ ಜಾಗ, ತಲೆಗೆ ಒಂದು ದುಪಟ್ಟಾ ಇರಲಿ. ಅಲ್ಲಿನ ಮೆಟ್ಟಿಲನ್ನು ಹತ್ತುವಾಗಲೂ ಇಳಿಯುವಾಗಲೂ ಎಣಿಸಬೇಕಂತೆ, ಎರಡೂ ಎಣಿಕೆ ಒಂದೇ ಬಂದರೆ ಬೇಡಿಕೊಂಡದ್ದು ಈಡೇರುತ್ತದಂತೆ. ಇಬ್ಬರೂ ಮಾತಾಡುತ್ತಾ ಎಣಿಸಿದರೆ ತಪ್ಪುವುದು ಖಂಡಿತ.

ದಿನಾಂಕ ಆರಿಸುವಾಗ ಜುಲೈ ಬಿಡಿ, ಬುಖಾರಾ 40 ಡಿಗ್ರಿ ದಾಟುತ್ತದೆ. ಕೆಲವು ವರ್ಷ ಆಗಸ್ಟ್ ಕೊನೆಯಲ್ಲಿ ಶರ್ಕ್ ತರೋನಲರಿ ಸಂಗೀತೋತ್ಸವಕ್ಕೆ ರೆಗಿಸ್ತಾನಿನಲ್ಲಿ ವೇದಿಕೆ ಕಟ್ಟಿ ಕುರ್ಚಿ ಜೋಡಿಸುವುದರಿಂದ ಚೌಕವೇ ಕಾಣುವುದಿಲ್ಲ, ಟಿಕೆಟ್ ಮಾಡಿಸುವ ಮುಂಚೆ ಅದನ್ನೂ ವಿಚಾರಿಸಿ.

ತರುವುದಕ್ಕೆ: ಬುಖಾರಾದ ಕಮ್ಮಾರರು ಮಾಡುವ ಕೊಕ್ಕರೆ ಆಕಾರದ ಕತ್ತರಿ (ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ), ಸುಜಾನಿ ಕಸೂತಿ, ಸಮರ್ಕಂದದ ಹತ್ತಿರದ ಕೋನಿಗಿಲ್‌ನಲ್ಲಿ ಹಿಪ್ಪುನೇರಳೆ ತೊಗಟೆಯಿಂದ ಮಾಡುವ ಕಾಗದ. ಸಮರ್ಕಂದ ಬಿಡುವ ದಿನ ಸಿಯೋಬ್ ಬಜಾರಿನಲ್ಲಿ ಎರಡು ನಾನ್ ಕೊಳ್ಳಿ. ಅಲ್ಲಿಯದು ದಪ್ಪ, ಭಾರ, ಬೇಗ ಕೆಡುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬೆವರಿ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟರೆ ಬೆಂಗಳೂರು ಮುಟ್ಟುತ್ತದೆ. ಮನೆಯಲ್ಲಿ ನೀರು ಚಿಮುಕಿಸಿ ಕಾವಲಿಯ ಮೇಲೆ ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಸಿ ಮಾಡಿ.